ಲಾಭ, ಎರಡು, ಮೂರು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ‘ಲೆಕ್ಕದ ಅಂಗಳ’ ಆನ್‌ಲೈನ್ ಗಣಿತ ಸ್ಪರ್ಧೆಯನ್ನು ನಮ್ಮ ಜಿಲ್ಲೆಯ ಮಕ್ಕಳಿಗಾಗಿ ನಡೆಸಿದ ಮಹನೀಯರೇ, ಶಿಕ್ಷಕ ಬಂಧುಗಳೇ, ಮೂರನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗಿನ ನನ್ನ ಮುದ್ದು ಮಕ್ಕಳೇ, ಅವರನ್ನು ಎಬ್ಬಿಸಿ, ತಲೆ ಬಾಚಿ, ಬಸ್ಸು ಹತ್ತಿಸಿ ಬಳ್ಳಾರಿಯ ಪಾರ್ವತಿನಗರದ ಈ ಸಭಾಂಗಣಕ್ಕೆ ಕರೆತಂದ ತಾಯಂದಿರೇ, ಬಂದ ತಕ್ಷಣ ಫ್ಯಾನಿನ ಕೆಳಗೆ ಜಾಗ ಹಿಡಿದ ತಂದೆಯಂದಿರೇ, ಮತ್ತು ನನ್ನ ಸಭಿಕರೇ,

ನನ್ನ ಹೆಸರು ವಿರೂಪಮ್ಮ. ಊರು ಕುರುಗೋಡು, ತವರು ಸಿರುಗುಪ್ಪ. ಈಗ ತಾನೇ ಐದನೇ ಕ್ಲಾಸಿನ ವಿಭಾಗದಲ್ಲಿ ಜಿಲ್ಲೆಗೆ ಎರಡನೆಯವಳಾಗಿ ಕೊರಳಿಗೆ ಪದಕ ಹಾಕಿಸಿಕೊಂಡಳಲ್ಲ, ಅಂಜನಾ, ಅವಳು ನನ್ನ ಮೊಮ್ಮಗಳು, ಮಗನ ಮಗಳು. ‘ಪಾಲಕರ ಪರವಾಗಿ ಎರಡು ಮಾತು’ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದೀರಿ. ಎರಡೇ ಮಾತು ಬೇಕಿದ್ದರೆ ನನ್ನ ಮಗನನ್ನು ಕರೆಯಬೇಕಿತ್ತು. ಅವನು ಒಂದರಲ್ಲೇ ಮುಗಿಸುತ್ತಿದ್ದ. ನನ್ನನ್ನು ಕರೆದಿದ್ದೀರಿ, ಇನ್ನು ಕೂರಬೇಕು.

ನಾನು ಶಾಲೆಗೆ ಹೋದವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಗಾಬರಿಯಾಗಬಾರದು. ಓದಲು ಕಲಿತದ್ದು ಬಸ್ಸಿನ ಬೋರ್ಡಿನಿಂದ. ಮದುವೆಯಾಗಿ ಕುರುಗೋಡಿಗೆ ಬಂದ ಹೊಸತರಲ್ಲಿ ಬಸ್‌ ಸ್ಟ್ಯಾಂಡಿನಲ್ಲಿ ನಿಂತಾಗ, ಯಾವ ಬಸ್ಸು ತವರಿಗೆ ಹೋಗುತ್ತದೆ ಎಂದು ಪ್ರತಿ ಸಲ ಯಾರನ್ನಾದರೂ ಕೇಳಬೇಕಿತ್ತು. ಕೇಳಿ ಕೇಳಿ ನಾಚಿಕೆಯಾಗಿ ಆ ಬೋರ್ಡಿನ ಅಕ್ಷರಗಳ ಆಕಾರವನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ನಾನು ಮೊದಲು ಓದಿದ ಶಬ್ದ ‘ಸಿರುಗುಪ್ಪ’. ಆ ಶಬ್ದದ ಅಕ್ಷರಗಳನ್ನು ಬೇರೆ ಬೋರ್ಡುಗಳಲ್ಲಿ ಹುಡುಕಿದೆ, ಅಂಗಡಿಗಳ ಮೇಲೆ ಹುಡುಕಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದೆ. ಹುಡುಕುತ್ತಾ ಹುಡುಕುತ್ತಾ ಎಲ್ಲಾ ಸಿಕ್ಕವು. ಒತ್ತಕ್ಷರಗಳು ಮಾತ್ರ ಇವತ್ತಿಗೂ ನನ್ನ ಜೊತೆ ಜಗಳದಲ್ಲೇ ಇವೆ.

ಅಂದಿನಿಂದ ಸಿರುಗುಪ್ಪದಲ್ಲಿರುವ ನನ್ನ ತಂಗಿ ಎರ್ರಮ್ಮನಿಗೆ ಪತ್ರ ಬರೆಯುತ್ತಾ ಬಂದಿದ್ದೇನೆ. ಈಗಲೂ ಬರೆಯುತ್ತೇನೆ. “ಫೋನು ಐತಲ್ಲಕ್ಕ, ಯಾಕ ಪೋಸ್ಟ್‌ಮ್ಯಾನ್‌ನ ಕಾಡ್ತಿ” ಎನ್ನುತ್ತಾಳೆ. ಫೋನಿನಲ್ಲಿ ಆಡಿದ್ದು ಸಂಜೆಗೆ ಮರೆತು ಹೋಗುತ್ತದೆ. ಹೀಗಾಗಿ ಈ ಭಾಷಣವನ್ನೂ ನನಗೆ ಗೊತ್ತಿದ್ದ ರೀತಿಯಲ್ಲೇ ಬರೆದೆ. ‘ಚಿರಂಜೀವಿ ಸೌಭಾಗ್ಯವತಿ ಎರ್ರಮ್ಮನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು, ಇತ್ತ ನಾವೆಲ್ಲ ಕ್ಷೇಮ’ ಎಂದು ಶುರು ಮಾಡಿದೆ. ಹಾಗೆ ಬರೆಯದಿದ್ದರೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಅಂಜನಾಳ ಗುರುಗಳಾದ ರಾಮಾಂಜಿನಿ ಸರ್ ಅವರು ಓದಿ, ‘ಎರ್ರಮ್ಮನಿಗೆ’ ಎಂದಿದ್ದ ಕಡೆ ‘ಅಧ್ಯಕ್ಷರೇ’ ಎಂದು ತಿದ್ದಿದರು. “ಹಂಗಾರ ಆಶೀರ್ವಾದ?” ಅಂತ ಕೇಳಿದೆ. “ಅಧ್ಯಕ್ಷರಿಗೆ ಆಶೀರ್ವಾದ ಹೇಳಾಕ ಬರಂಗಿಲ್ಲಮ್ಮ” ಅಂದರು. “ಯಾಕ ಬರಂಗಿಲ್ಲ? ಅವರು ನನಗಿಂತ ಸಣ್ಣೋರಲ್ಲೇನು?” ಅಂದೆ. ಅಧ್ಯಕ್ಷರು ನಗುತ್ತಿದ್ದಾರೆ. ಹಾಗಾದರೆ ಆಶೀರ್ವಾದವೂ ಇರಲಿ. ನಾನು ಬರೆದ ‘ಐತಿ’ಗಳನ್ನೆಲ್ಲ ಸರ್ ಅವರು ‘ಇದೆ’ ಮಾಡಿಕೊಟ್ಟಿದ್ದಾರೆ. ಕಾಗದ ನೋಡಿ ಓದುವವರೆಗೆ ‘ಇದೆ’ ಇರುತ್ತದೆ. ತಲೆ ಎತ್ತಿದರೆ ನಾನು ಜವಾಬ್ದಾರಳಲ್ಲ.

ಸಭಿಕರೇ, ಗಣಿತ ಎಂದರೆ ಏನು? ನಿಮ್ಮಲ್ಲಿ ಓದಿದವರಿದ್ದೀರಿ, ನಿಮಗೆ ನೂರು ಉತ್ತರ ಗೊತ್ತಿರುತ್ತವೆ. ನನಗೆ ಗೊತ್ತಿರುವುದು ಒಂದೇ ಉತ್ತರ. ಗಣಿತ ಎಂದರೆ ನನ್ನ ಅಪ್ಪನ ದನಿ.

ನನ್ನ ಅಪ್ಪ ಉಜ್ಜಿನಪ್ಪ. ಸಿರುಗುಪ್ಪದ ಸುತ್ತ ಕಾಲುವೆ ನೀರು ಬಂದು ಭತ್ತ ಬೆಳೆಯುತ್ತಿದ್ದ ಊರುಗಳಲ್ಲಿ ಅವನ ಕೆಲಸ ಕಣದಲ್ಲಿ ಭತ್ತ ಅಳೆಯುವುದು. ಈಗಿನ ಹಾಗೆ ತೂಕದ ಯಂತ್ರ ಆಗ ಕಣಕ್ಕೆ ಬರುತ್ತಿರಲಿಲ್ಲ. ಕೊಳಗದಲ್ಲಿ ತುಂಬುವುದು, ಕೈಯಲ್ಲಿ ಮೇಲಿನದನ್ನು ಸವರುವುದು, ಚೀಲಕ್ಕೆ ಸುರಿಯುವುದು. ಅಳೆಯುವಾಗ ಅಪ್ಪ ಸುಮ್ಮನೆ ಎಣಿಸುತ್ತಿರಲಿಲ್ಲ, ಹಾಡುತ್ತಿದ್ದ. ಒಂದು ಕೊಳಗ ಸುರಿದ ಮೇಲೆ ಮುಂದಿನ ಕೊಳಗ ತುಂಬುವವರೆಗೂ ಅದೇ ಎಣಿಕೆಯನ್ನು ಬಾಯಲ್ಲಿ ಇಟ್ಟುಕೊಂಡಿರಬೇಕು. ‘ಎರಡು ಎರಡು ಎರಡು ಎರಡೂ…’ ಅಂತ. ತುಂಬಿದ ಮೇಲೆ ‘ಮೂರು ಮೂರು ಮೂರೂ…’ ಅಂತ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ಬಾಯಿಂದ ಜಾರಿದರೆ ಸುರಿದದ್ದನ್ನೆಲ್ಲ ಮತ್ತೆ ಅಳೆಯಬೇಕು. ಅದಕ್ಕೇ ಕಣದಲ್ಲಿ ಅಪ್ಪನ ಪಕ್ಕ ನನ್ನನ್ನು ಕೂರಿಸುತ್ತಿದ್ದರು. ಅಪ್ಪ ಉಸಿರು ತಗೊಳ್ಳುವಾಗ ಎಣಿಕೆ ಕೆಳಗೆ ಬೀಳದ ಹಾಗೆ ನಾನು ಹಿಡಿಯಬೇಕು. ಊರಿನ ಬೇರೆ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ನಾನು ಎಣಿಕೆ ಹಿಡಿಯಲು ಹೋಗುತ್ತಿದ್ದೆ. ಅದರ ಬಗ್ಗೆ ನನಗೇನೂ ಬೇಸರವಿಲ್ಲ.

ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಅಳೆಯುವವರು ‘ಒಂದು’ ಎನ್ನುವುದಿಲ್ಲ. ಮೊದಲನೆಯ ಕೊಳಗಕ್ಕೆ ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಆರಾದ ಮೇಲೆ ಬರುವ ಆ ಅಂಕಿಯನ್ನೂ ಎನ್ನುವುದಿಲ್ಲ. ‘ಆರಮ್ಯಾಲೊಂದು’ ಎನ್ನುತ್ತಾರೆ. ಆಮೇಲೆ ಎಂಟು. ನಾನು ಸಣ್ಣವಳಿದ್ದಾಗ ಅಪ್ಪನನ್ನು ಕೇಳಿದ್ದೆ, ಯಾಕಪ್ಪ ಹಿಂಗ ಅಂತ. ಅಪ್ಪ ಹೇಳಿದ್ದ: “ಲೇ, ತೆಲುಗಿನಾಗ ಅದಕ್ಕ ಏಡು ಅಂತಾರ. ಏಡು ಅಂದ್ರ ಅಳು ಅಂತಾನೂ ಆಗ್ತೈತಿ. ನಮ್ಮ ಮಾತಿನಾಗ ಅಂದ್ರ, ರಾಶಿಗೆ ‘ಏಳು, ಎದ್ದು ಹೋಗು’ ಅಂದಂಗ. ಒಂದು ಭಾಷಾದಾಗ ಅಳ್ತೈತಿ, ಇನ್ನೊಂದು ಭಾಷಾದಾಗ ಎದ್ದು ಹೋಗ್ತೈತಿ. ಗಡಿಯಾಗ ಇರೋರು ನಾವು, ಎರಡೂ ಕಡಿ ನೋಡ್ಕೊಬೇಕಲ್ಲ.”

“ಮತ್ತ ಒಂದು ಯಾಕ ಅನ್ನಬಾರದು?” ಅಂದೆ. “ಒಂದು ಅಂದ್ರ ಒಂದೇ ಆಗಿ ಕುಂದ್ರತೈತಿ. ಲಾಭ ಅಂದ್ರ ಹಿಂದ ಇನ್ನೂ ಬರ್ತಾವು ಅಂತ” ಅಂದ.

ಅಪ್ಪ ಮಕ್ಕಳನ್ನೂ ಹಾಗೇ ಎಣಿಸುತ್ತಿದ್ದ. ನಾನು ಹಿರಿಯವಳು. ಮೊದಲನೇದು ಹೆಣ್ಣಾತಲ್ಲ ಅಂತ ಕಣದಾಗ ಯಾರೋ ಅಂದರಂತೆ. ಅಪ್ಪ ಕೊಳಗ ಕೆಳಗಿಡದೆ, “ಹೌದು, ಲಾಭ” ಅಂದನಂತೆ. ಅವತ್ತಿನಿಂದ ನನ್ನನ್ನ ವಿರೂಪಮ್ಮ ಅಂತ ಕರೆದವರು ಊರಿನವರು. ಅಪ್ಪ ಸಾಯೋ ತನಕ ಲಾಭಾ ಅಂತಲೇ ಕರೆದ. ಇದನ್ನ ಕಾಗದದಾಗ ಬರೆದಿರಲಿಲ್ಲ. ಬಾಯಿಗೆ ಬಂತು.

ಇರಲಿ. ಕಾಗದಕ್ಕೆ ಬರುತ್ತೇನೆ. ಎಲ್ಲಿದ್ದೆ? ಸ್ಪರ್ಧೆ.

ನಮ್ಮ ಶಾಲೆಯಿಂದ ಅಂಜನಾಳ ಹೆಸರನ್ನು ನೋಂದಾಯಿಸಿದವರು ರಾಮಾಂಜಿನಿ ಸರ್. ಸ್ಪರ್ಧೆಗೆ ದೊಡ್ಡ ಫೋನು ಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಫೋನು ನಮ್ಮ ಯಜಮಾನರದು. ಅವರ ಹೆಸರನ್ನು ನಾನು ಹೇಳುವುದಿಲ್ಲ. ಆಗಲೇ ನಿರೂಪಣೆ ಮಾಡುವ ಹುಡುಗಿ ಮೈಕಿನಲ್ಲಿ ಹೇಳಿಯಾಗಿದೆ, ಮೂರನೇ ಸಾಲಿನಲ್ಲಿ ಹಳದಿ ರುಮಾಲು ಸುತ್ತಿಕೊಂಡು ಕುಳಿತವರು. ಆ ಫೋನು ಅವರಿಗೆ ಕೈಯ ಆರನೇ ಬೆರಳು. ಬೆಳಿಗ್ಗೆ ವಚನ, ಮಧ್ಯಾಹ್ನ ಹತ್ತಿಯ ರೇಟು, ಸಂಜೆ ಯಾರೋ ಎಲ್ಲೋ ಹಾವು ಹಿಡಿಯುವುದು. ಅಂಜನಾ ಹೋಗಿ ಮುಂದೆ ನಿಂತು, “ಅಜ್ಜಾ, ಸ್ಪರ್ಧಾ ಮುಗಿಯೋತನ ಫೋನು ನನಗ” ಅಂದಳು. ಕೊಟ್ಟರು. ಕೊಟ್ಟು, ಮಾಡಲು ಬೇರೇನೂ ಇಲ್ಲದೆ, ಸಂಜೆ ಹೊತ್ತು ಕಟ್ಟೆಯ ಮೇಲೆ ನನ್ನ ಎದುರು ಬಂದು ಕೂತರು. ಬಹಳ ವರ್ಷಗಳ ನಂತರ ನಮ್ಮಿಬ್ಬರಿಗೆ ಮಾತಾಡಲು ಹೊತ್ತು ಸಿಕ್ಕಿತು. ಈ ಸ್ಪರ್ಧೆಯಿಂದ ಗಣಿತವಷ್ಟೇ ಬೆಳೆಯುತ್ತದೆ ಎಂದು ಸಂಘಟಕರು ತಿಳಿಯಬಾರದು.

ಮೊದಲ ಎರಡು ಸುತ್ತಿನಲ್ಲಿ ಉತ್ತರದ ಮೇಲೆ ಬೆರಳು ಮುಟ್ಟಿಸಬೇಕು. ಮಾಳಿಗೆಯ ಮೇಲೆ ಸಿಗ್ನಲ್ ಚೆನ್ನಾಗಿ ಬರುತ್ತದೆ, ಅಲ್ಲಿ ಕೂತು ಮಾಡಿದಳು. ನನ್ನ ಸೊಸೆ ಕಾವೇರಿ ಬಿಸಿಲಿಗೆ ಕೊಡೆ ಹಿಡಿದು ನಿಂತಳು. ಎರಡೂ ಸುತ್ತು ದಾಟಿದಳು. ಮೂರನೆಯದು, ಕೊನೆಯದು, ಬಾಯಿಲೆಕ್ಕದ ಸುತ್ತು. ಪ್ರಶ್ನೆ ತೆರೆಯ ಮೇಲೆ ಬರುತ್ತದೆ, ಯಂತ್ರ ಓದಿಯೂ ಹೇಳುತ್ತದೆ, ಪೆನ್ನು ಕಾಗದ ಮುಟ್ಟುವ ಹಾಗಿಲ್ಲ, ಮಗು ಬಾಯಿಬಿಟ್ಟು ಕನ್ನಡದಲ್ಲಿ ಉತ್ತರ ಹೇಳಬೇಕು, ಯಂತ್ರವೇ ಕೇಳಿಸಿಕೊಂಡು ಅಂಕಿ ಬರೆದುಕೊಳ್ಳುತ್ತದೆ. ಎಂಥಾ ಕಾಲ ನೋಡಿ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳ ಮಾತನ್ನು ಮನುಷ್ಯರೇ ಕೇಳಿಸಿಕೊಳ್ಳುತ್ತಿರಲಿಲ್ಲ.

ಬಾಯಿಲೆಕ್ಕ ಎಂದ ಮೇಲೆ ತಯಾರಿ ಯಾರದು? ನನ್ನದು. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುವುದು, ಅವಳು ಕಂಬಕ್ಕೆ ಜೋತುಬಿದ್ದು ತಿರುಗುತ್ತಾ ಹೇಳುವುದು. ಅವಳಿಗೆ ಎಣಿಕೆ ಕಲಿಸಿದವಳೂ ನಾನೇ. ತೊಟ್ಟಿಲಿನಿಂದ ಇಳಿದ ದಿನದಿಂದ ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಪಕ್ಕದಲ್ಲಿ ಕೂತು ನನ್ನ ಜೊತೆ ಹಾಡಿದ್ದಾಳೆ, ಲಾಭ, ಎರಡು, ಮೂರು ಅಂತ. ಶಾಲೆಯಲ್ಲಿ ‘ಒಂದು’ ಎನ್ನುತ್ತಾಳೆ, ಮನೆಯಲ್ಲಿ ‘ಲಾಭ’ ಎನ್ನುತ್ತಾಳೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಹಾಗೆ, ಎರಡಕ್ಕೂ ಎಂದೂ ಜಗಳವಾಗಿರಲಿಲ್ಲ.

ಕೊನೆಯ ಸುತ್ತಿನ ದಿನ ಬಂತು. ಶಾಲೆಯ ಆಫೀಸು ರೂಮಿನಲ್ಲಿ ವ್ಯವಸ್ಥೆ. ಐದನೇ ಕ್ಲಾಸಿನವರೆಗಿನ ಮಕ್ಕಳ ಜೊತೆ ಮನೆಯವರೊಬ್ಬರು ಕೂರಬಹುದು, ಆದರೆ ತುಟಿ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಮಗುವನ್ನು ಸ್ಪರ್ಧೆಯಿಂದ ತೆಗೆಯುತ್ತಾರೆ ಎಂದು ನಿಯಮ. ಅಂಜನಾ ನನ್ನನ್ನೇ ಆರಿಸಿದಳು. ನಮ್ಮ ಯಜಮಾನರು ರಾಮಾಂಜಿನಿ ಸರ್ ಅವರನ್ನು ಪಕ್ಕಕ್ಕೆ ಕರೆದು, “ಸರ್, ಇಕಿ ಬಾಯಿ ಮುಚ್ಚಿಕೊಂಡು ಕುಂತಿದ್ದು ನಾನು ಮದುವಿ ಮಂಟಪದಾಗ ನೋಡೀನಿ, ಆಮ್ಯಾಲೆ ನೋಡಿಲ್ಲ. ಇನ್ನೊಮ್ಮೆ ಯೋಚನಿ ಮಾಡ್ರಿ” ಅಂದರು. ನನಗೆ ಕೇಳಿಸಿತ್ತು.

ಕೂತೆವು. ಪ್ರಶ್ನೆಗಳು ಬಂದವು. ಹುಡುಗಿ ಪಟಪಟ ಹೇಳುತ್ತಿದ್ದಾಳೆ. ಅವಳು ಹೇಳಿದ್ದು ತೆರೆಯ ಮೇಲೆ ಅಂಕಿಯಾಗಿ ಮೂಡುತ್ತದೆ, ನಾನೂ ಓದುತ್ತಿದ್ದೇನೆ. ನಾನು ಶ್ವಾಸ ಕೂಡ ಸಣ್ಣಗೆ ಬಿಡುತ್ತಿದ್ದೇನೆ. ಆಗ ಒಂದು ಪ್ರಶ್ನೆ ಬಂತು. ಮಕ್ಕಳೇ, ನೀವೂ ಮಾಡಿ ನೋಡಿ: ಒಂದು ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದಕ್ಕೆ ಹತ್ತು ಕೂಡಿಸಿದರೆ ಇಪ್ಪತ್ನಾಲ್ಕು ಆಗುತ್ತದೆ. ಆ ಸಂಖ್ಯೆ ಯಾವುದು?

ಅಂಜನಾ ಕಣ್ಣು ಮುಚ್ಚಿದಳು. ಕಷ್ಟದ ಲೆಕ್ಕ ಬಂದಾಗ ಅವಳು ಕಣ್ಣು ಮುಚ್ಚಿ ಮೈ ತೂಗುತ್ತಾಳೆ. ತೂಗಿದಳು. ತೂಗಿದ ತಕ್ಷಣ ನನಗೆ ಗೊತ್ತಾಯಿತು, ಹುಡುಗಿ ಆಫೀಸು ರೂಮಿನಲ್ಲಿಲ್ಲ, ನಮ್ಮ ಅಡಿಗೆಮನೆಗೆ ಬಂದಳು ಅಂತ. ಬಾಯಿಬಿಟ್ಟು ರಾಗವಾಗಿ, “ಆರಮ್ಯಾಲೊಂದು” ಅಂದಳು.

ತೆರೆಯ ಮೇಲೆ ಏನು ಬಂತು? ಅರವತ್ತೊಂದು. ಆರು ಬರೆದು ಪಕ್ಕದಲ್ಲಿ ಒಂದು ಬರೆದುಕೊಂಡಿತ್ತು ಯಂತ್ರ. ಅದರದೇನು ತಪ್ಪು? ಅದು ಸಿರುಗುಪ್ಪದಲ್ಲಿ ಹುಟ್ಟಿದ್ದಲ್ಲ.

ನಾನು ನೋಡುತ್ತಿದ್ದೇನೆ. ಹುಡುಗಿಯ ಕಣ್ಣು ಮುಚ್ಚಿದೆ. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿದೆ. ಬಾಯಿಬಿಟ್ಟರೆ ಅವಳು ಸ್ಪರ್ಧೆಯಿಂದ ಹೊರಗೆ, ಬಿಡದಿದ್ದರೆ ಉತ್ತರ ಹೊರಗೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಸಭಿಕರೇ, ನಾಲ್ಕು ಮಕ್ಕಳನ್ನು ಹೆತ್ತವಳು ನಾನು, ಆ ಹೊತ್ತು ಅದಕ್ಕಿಂತ ಹಗುರವಾಗೇನೂ ಇರಲಿಲ್ಲ.

ಮುಂದಿನ ಪ್ರಶ್ನೆ: ನೂರನ್ನು ಹನ್ನೊಂದರಿಂದ ಭಾಗಿಸಿದರೆ ಉಳಿಯುವ ಶೇಷ ಎಷ್ಟು? ರಾಗದಲ್ಲಿ ಒಮ್ಮೆ ಕೂತ ಮಗು, ಅಷ್ಟು ಬೇಗ ಏಳುತ್ತದೆಯೇ? “ಲಾಭ” ಅಂದಳು. ಯಂತ್ರ ಸ್ವಲ್ಪ ಹೊತ್ತು ತಿರುಗಿತು, ತಿರುಗಿತು, ‘ಉತ್ತರ ದೊರೆತಿಲ್ಲ’ ಎಂದು ಬರೆಯಿತು. ಆಗ ಕಣ್ಣು ಬಿಟ್ಟಳು. ಓದಿದಳು. ನನ್ನ ಕಡೆ ತಿರುಗಿ ನೋಡಿದಳು. ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ. ಉಳಿದ ಪ್ರಶ್ನೆಗಳಿಗೆಲ್ಲ ಶಾಲೆಯ ದನಿಯಲ್ಲಿ, ಒಂದೊಂದು ಅಕ್ಷರ ಒತ್ತಿ ಒತ್ತಿ ಉತ್ತರ ಕೊಟ್ಟಳು. ಎಲ್ಲ ಸರಿ ಇದ್ದವು.

ಹೊರಗೆ ಬಂದ ಮೇಲೆ ನಮ್ಮ ಯಜಮಾನರು ವಿಷಯ ಕೇಳಿ, ಹುಡುಗಿಯನ್ನು ನಗಿಸಲು, “ನಿಮ್ಮಜ್ಜಿ ಅಪ್ಪ, ಆ ಮುತ್ಯಾ ಇದ್ದಿದ್ರ ಈ ಯಂತ್ರಾನ ಕಣಕ್ಕ ಒಯ್ತಿದ್ದ. ಇಟ್ಟಿದ್ದು ಆರಮ್ಯಾಲೊಂದು ಚೀಲ, ಬರೆದಿದ್ದು ಅರವತ್ತೊಂದು. ಸಿರುಗುಪ್ಪಿನೇ ಕೊಂಡುಬಿಡ್ತಿದ್ದ” ಅಂದರು. ಹುಡುಗಿ ನಗಲಿಲ್ಲ.

ಆ ಸಂಜೆ ಅಡಿಗೆಗೆ ಅಕ್ಕಿ ಅಳೆಯಲು ಕೂತೆ. ದಿನದಂತೆ ಪಕ್ಕದಲ್ಲಿ ಬಂದು ಕೂತಳು. ಮೊದಲ ಪಾವು ತುಂಬಿ ಎತ್ತಿದೆ, ಅವಳು ಹೇಳಲಿ ಎಂದು ಕಾದೆ. “ಒಂದು” ಅಂದಳು.

ಕೈ ಹಾಗೇ ನಿಂತಿತು. “ಏನಂದಿ?” ಅಂದೆ. “ಒಂದು ಅಂದೆ ಅಜ್ಜಿ. ಇನ್ ಮ್ಯಾಲೆ ನನಗ ಆ ಲೆಕ್ಕ ಬ್ಯಾಡ. ಬಾಯಾಗ ಕುಂತುಬಿಡ್ತೈತಿ” ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ನೋಡ್ರಿ, ಸಿಟ್ಟಿನಿಂದ ಅಂದಿದ್ರ ನನಗ ಸಮಾಧಾನ ಆಗ್ತಿತ್ತು. ಮೆತ್ತಗೆ ಅಂದಳು, ದೊಡ್ಡವರು ಸಣ್ಣವರಿಗೆ ಹೇಳಿದ ಹಾಗೆ.

ಒಂದು, ಎರಡು, ಮೂರು ಅಂತ ಅಳೆದೆವು. ಅನ್ನ ಚೆನ್ನಾಗೇ ಆಯಿತು. ನನಗೆ ಬೇಸರವೇನೂ ಆಗಲಿಲ್ಲ. ಕಾಲ ಬದಲಾದ ಹಾಗೆ ಎಣಿಕೆ ಬದಲಾಗುತ್ತದೆ, ಕೊಳಗ ಹೋಗಿ ತೂಕದ ಕಾಟಾ ಬಂತು, ಕಾಟಾ ಹೋಗಿ ಯಂತ್ರ ಬಂತು. ಎರ್ರಮ್ಮನಿಗೆ ಬರೆದ ಪತ್ರದಲ್ಲಿ ಕೂಡ ‘ನನಗೇನೂ ಬೇಸರವಿಲ್ಲ’ ಎಂದೇ ಬರೆದೆ. ಅವಳು ಫೋನು ಮಾಡಿ, “ಅಕ್ಕ, ಒಂದೇ ಕಾಗದದಾಗ ಅದನ್ನ ಎಷ್ಟು ಸಲ ಬರೆದಿ?” ಅಂತ ಕೇಳಿದಳು.

ಈ ನಡುವೆ ರಾಮಾಂಜಿನಿ ಸರ್ ಸುಮ್ಮನೆ ಕೂರಲಿಲ್ಲ. ಮಗುವಿನ ಉತ್ತರ ಸರಿ ಇದೆ, ಮರುಪರಿಶೀಲನೆ ಮಾಡಿ ಎಂದು ಸ್ಪರ್ಧೆಯವರಿಗೆ ಫೋನಿನಲ್ಲೇ ಆಕ್ಷೇಪಣೆ ಹಾಕಿದರು. ಅದನ್ನು ನೋಡುವವರು ರಾಧಾ ಮೇಡಂ. ಇಲ್ಲೇ ವೇದಿಕೆಯ ಎಡಗಡೆ ಕುಳಿತಿದ್ದಾರೆ, ಆ ದಿನ ನಾನು ಅವರನ್ನು ನೋಡಿದ್ದು ಅಂಗೈಯಷ್ಟು ತೆರೆಯಲ್ಲಿ. ಶಾಲೆಗೆ ವಿಡಿಯೋ ಕಾಲ್ ಮಾಡಿದರು. ನಾನು ಉತ್ತರ ಹೇಳಲು ತಯಾರಾಗೇ ಹೋಗಿದ್ದೆ. ಅಪ್ಪನಿಂದ ಶುರು ಮಾಡಿ ಕಾಲುವೆಯ ಇತಿಹಾಸದವರೆಗೆ ಹೇಳುವವಳಿದ್ದೆ. ಮೇಡಂ ಅಂದರು, “ಅಜ್ಜೀ, ನೀವು ಕೂತ್ಕೊಳ್ಳಿ. ಮಗು ಹೇಳಲಿ.” ಮತ್ತೆ ಸೆರಗು ಬಾಯಿಗೆ ಹೋಯಿತು.

“ಆರಮ್ಯಾಲೊಂದು ಅಂದರೆ ಏನಮ್ಮ?” ಎಂದು ಮೇಡಂ ಕೇಳಿದರು.

ಅಂಜನಾ ನಿಂತುಕೊಂಡಳು. “ಆರು ಅದಾವ್ರಿ. ಅದರ ಮ್ಯಾಲೆ ಇನ್ನೊಂದು ಹಾಕಿದ್ರ ಎಷ್ಟಾಗ್ತೈತೋ ಅಷ್ಟು.”

“ಅಷ್ಟು ಅಂದರೆ?”

“ಏಳು ರೀ. ಅಳೆಯೋವಾಗ ಹಂಗ ಅನ್ನಂಗಿಲ್ರಿ. ತೆಲುಗಿನಾಗ ಅಂದ್ರ ರಾಶಿ ಅಳ್ತೈತಿ, ಕನ್ನಡದಾಗ ಅಂದ್ರ ಎದ್ದು ಹೋಗ್ತೈತಿ.”

ಮೇಡಂ ನಕ್ಕರು. ನಾನು ಎಂದೋ ಒಮ್ಮೆ ಹೇಳಿದ್ದು, ಅಪ್ಪ ನನಗೆ ಹೇಳಿದ್ದು, ಆ ಹುಡುಗಿಯ ಬಾಯಿಂದ ಒಂದು ಅಕ್ಷರ ಬೀಳದೆ ಬಂತು. “ಮತ್ತೆ ಶೇಷಕ್ಕೆ ಲಾಭ ಅಂದೆಯಲ್ಲ, ಅದು?” ಎಂದು ಮೇಡಂ ಕೇಳಿದರು.

“ಅದು ಮೊದಲನೇದು ರೀ. ಎರಡು ಅನ್ನೋಕ್ಕಿಂತ ಮೊದಲು ಏನ್ ಅಂದ್ರೂ ಅದು ಒಂದೇ ಅಲ್ಲೇನ್ರಿ?”

ಇದಕ್ಕೆ ಮೇಡಂ ಆಡಿದ ಮಾತು ನನಗೆ ಬಹಳ ಹಿಡಿಸಿತು. ಸುಳ್ಳು ಸಮಾಧಾನ ಹೇಳಲಿಲ್ಲ. “ಅಂಜನಾ, ಆರರ ಮೇಲೆ ಒಂದು ಅನ್ನೋದು ಕೂಡಿಸಿದ ಲೆಕ್ಕ, ಅದರ ಬೆಲೆ ಏಳೇ. ಆ ಅಂಕ ನಿನಗೆ ಕೊಡ್ತೀನಿ. ಲಾಭ ಅನ್ನೋದು ನಿಮ್ಮ ಕಣದಲ್ಲಿ ಒಂದು. ಬೇರೆ ಊರಿನ ಮಗುವಿಗೆ ಅದು ಗೊತ್ತಿರಲ್ಲ. ಎಲ್ಲರಿಗೂ ಒಂದೇ ನಿಯಮ ಇರಬೇಕಲ್ವಾ? ಅದನ್ನ ಕೊಡೋಕಾಗಲ್ಲ” ಅಂದರು.

“ಆತ್ರಿ ಮೇಡಂ. ಸರಿ ಐತಿ” ಅಂದಳು ಅಂಜನಾ.

ಒಂದೇ ಅಂಕ. ಆ ಅಂಕದಲ್ಲಿ ಮೊದಲ ಸ್ಥಾನ ಹಲಕುಂದಿಯ ಕರಿಬಸವನಿಗೆ ಹೋಯಿತು. ಇಲ್ಲೇ ಇದ್ದಾನೆ, ಹಲ್ಲು ಬಿದ್ದ ಬಾಯಲ್ಲಿ ನಗುತ್ತಿದ್ದಾನೆ. ಅಪ್ಪಾ ಕರಿಬಸವ, ನೀನು ನ್ಯಾಯವಾಗಿ ಗೆದ್ದಿದ್ದಿ. ನಿನ್ನ ಲೆಕ್ಕ ಹೀಗೇ ಬೆಳೆಯಲಿ. ನಮ್ಮ ಮನೆಗೆ ಲಾಭ ಬರಲಿಲ್ಲ, ಎರಡು ಬಂತು. ಎರಡು ಸಣ್ಣದೇನಲ್ಲ. ಬಳ್ಳಾರಿ ಎಂಥ ಊರು, ಕೌಲ್ ಬಜಾರಿನಲ್ಲಿ ನೆಟ್ಟಗೆ ನಡೆಯಲೂ ಜಾಗವಿಲ್ಲದಷ್ಟು ಜನ. ಇಷ್ಟು ಜನರಿರುವ ಜಿಲ್ಲೆಯಲ್ಲಿ ಕುರುಗೋಡಿನ ಒಂದು ಹುಡುಗಿಯನ್ನು ಎರಡನೆಯವಳು ಎಂದು ಕರೆದು ಕೂರಿಸಿದ್ದೀರಿ. ನನ್ನ ಎದೆ ಎಷ್ಟು ಉಬ್ಬಿದೆ ಎಂದರೆ ಈ ಕುಬ್ಬಸದ ಹೊಲಿಗೆಯ ಮೇಲೆ ನನಗೆ ಭರವಸೆಯಿಲ್ಲ.

ಆದರೆ ನನಗೆ ಅತಿ ಹೆಚ್ಚು ಹೆಮ್ಮೆ ಎನಿಸಿದ್ದು ಯಾವಾಗ ಗೊತ್ತೇ? ಪದಕ ಹಾಕಿದಾಗಲ್ಲ. ‘ಎರಡು ಅನ್ನೋಕ್ಕಿಂತ ಮೊದಲು ಏನಂದ್ರೂ ಅದು ಒಂದೇ ಅಲ್ಲೇನ್ರಿ’ ಎಂದು ದೊಡ್ಡವರ ಮುಖ ನೋಡಿ ಕೇಳಿದಾಗ. ಇದನ್ನು ನಾನು ಕಲಿಸಿರಲಿಲ್ಲ. ನಾನು ಕಣದಲ್ಲಿ ಎಣಿಕೆ ಹಿಡಿಯುತ್ತಾ ಕೂತಿದ್ದವಳು, ಹಿಡಿದದ್ದನ್ನು ಹಾಗೇ ಇವಳ ಕೈಗೆ ಕೊಟ್ಟೆ. ಇವಳು ಅದನ್ನು ತಿರುವಿ ಮುರುವಿ ನೋಡಿ, ಒಳಗೆ ಏನಿದೆ ಎಂದು ಕೇಳಿದಳು. ಅದೇ ಗಣಿತವಿರಬೇಕು. ರಾಮಾಂಜಿನಿ ಸರ್, ಹೌದಲ್ಲ? ಹೌದು ಅಂತ ತಲೆಯಾಡಿಸಿದರು.

ಆ ಕಾಲ್ ಮುಗಿದ ಮೇಲೂ ಅವಳು ನಮ್ಮ ಮನೆಯ ಎಣಿಕೆಗೆ ಮರಳಲಿಲ್ಲ. ನಾನೂ ಕೇಳಲಿಲ್ಲ. ಈಗಲೂ ಅಕ್ಕಿ ಅಳೆಯುವಾಗ ಪಕ್ಕದಲ್ಲಿ ಕೂರುತ್ತಾಳೆ, ‘ಒಂದು’ ಎನ್ನುತ್ತಾಳೆ. ಅವಳು ಅನ್ನುವ ಹೊತ್ತಿಗೆ ನಾನು ಬಾಯಲ್ಲೇ ‘ಲಾಭ’ ಎಂದುಕೊಳ್ಳುತ್ತೇನೆ, ಅವಳಿಗೆ ಕೇಳದ ಹಾಗೆ. ಮುಂದಿನ ವರ್ಷ ಮತ್ತೆ ಸ್ಪರ್ಧೆಗೆ ಕೂರುವವಳು. ಬಾಯಿ ತಪ್ಪಬಾರದು. ಅವಳ ಮಾತೂ ಸರಿಯೇ. ಅಪ್ಪನ ಎಣಿಕೆ ನನ್ನವರೆಗೆ ಬಂತು, ಇಲ್ಲಿಗೆ ನಿಂತರೂ ಸಾಕು. ನನಗೇನೂ…

ಇದನ್ನು ಸರ್ ಅವರು ಇಲ್ಲಿ ಹೊಡೆದುಹಾಕಿದ್ದಾರೆ. ‘ಈಗಾಗಲೇ ಹೇಳಿದ್ದೀರಿ’ ಎಂದು ಪಕ್ಕದಲ್ಲಿ ಬರೆದಿದ್ದಾರೆ. ಒಳ್ಳೆಯ ಮೇಷ್ಟ್ರು.

ಇನ್ನು ವಂದನೆ. ವಂದನೆಗೆ ಬೇರೆಯವರಿದ್ದಾರೆ ಎಂದು ಕಾರ್ಡಿನಲ್ಲಿದೆ, ಆದರೆ ನಮ್ಮ ಮನೆಯ ವಂದನೆಯನ್ನು ನಾವೇ ಅಳೆದು ಕೊಡಬೇಕಲ್ಲ. ನನಗೆ ಗೊತ್ತಿರುವ ಎಣಿಕೆಯಲ್ಲೇ ಕೊಡುತ್ತೇನೆ. ಇಲ್ಲಿ ಯಂತ್ರವಿಲ್ಲ, ಮನುಷ್ಯರೇ ಇದ್ದೀರಿ.

ಲಾಭ: ಈ ಸ್ಪರ್ಧೆಯನ್ನು ಹಳ್ಳಿಯ ಮಾಳಿಗೆಯವರೆಗೂ ತಂದ ಸಂಘಟಕರಿಗೆ. ಎರಡು: ನನ್ನ ಆಶೀರ್ವಾದವನ್ನು ನಗುತ್ತಾ ತಗೊಂಡ ಅಧ್ಯಕ್ಷರಿಗೆ. ಮೂರು: ಹೆಸರು ಬರೆಸಿ, ಹಟ ಹಿಡಿದು, ನನ್ನ ಕಾಗದವನ್ನೂ ತಿದ್ದಿದ ರಾಮಾಂಜಿನಿ ಸರ್ ಅವರಿಗೆ. ನಾಲ್ಕು: ಕೊಡಬೇಕಾದದ್ದನ್ನು ಕೊಟ್ಟು, ಕೊಡಬಾರದ್ದನ್ನು ಕೊಡದೆ, ನಮ್ಮ ಹುಡುಗಿಯನ್ನು ದೊಡ್ಡವಳ ಹಾಗೆ ಮಾತಾಡಿಸಿದ ರಾಧಾ ಮೇಡಂ ಅವರಿಗೆ. ಐದು: ಬಿಸಿಲಲ್ಲಿ ತಾನು ನಿಂತು ಮಗಳಿಗೆ ಕೊಡೆ ಹಿಡಿದ ನನ್ನ ಸೊಸೆ ಕಾವೇರಿಗೆ. ಅವಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಅವಳ ಪಾಲಿನದನ್ನೂ ನಾನೇ ಮಾತಾಡಿಬಿಡುತ್ತೇನೆ ಎಂದೋ ಏನೋ. ಆರು: ಗೆದ್ದವರಿಗೂ ಗೆಲ್ಲದವರಿಗೂ, ಇಲ್ಲಿ ಕೂತ ಎಲ್ಲ ಮಕ್ಕಳಿಗೆ.

ಇನ್ನೊಂದು ಉಳಿದಿದೆ. ಅದು ಫೋನು ಕೊಟ್ಟವರಿಗೆ, ಮೂರನೇ ಸಾಲಿನ ಹಳದಿ ರುಮಾಲಿನವರಿಗೆ. ನನ್ನ ಕಷ್ಟ ನೋಡಿ. ಅವರ ಹೆಸರನ್ನೂ ಹೇಳುವ ಹಾಗಿಲ್ಲ, ಆ ಅಂಕಿಯನ್ನೂ ಹೇಳುವ ಹಾಗಿಲ್ಲ. ಈ ಕೊಳಗ ತುಂಬುವವರೆಗೆ ಹಿಂದಿನದನ್ನೇ ಬಾಯಲ್ಲಿ ಹಿಡಿದಿರಬೇಕು. ಆರು, ಆರು, ಆರು, ಆರೂ…

ಯಾರದು?

ಮತ್ತೊಮ್ಮೆ ಹೇಳವ್ವ. ಮೈಕಿನಿಂದ ನನ್ನ ದನಿ ಅಡ್ಡ ಬಂತು.

ಕೇಳಿದಿರಲ್ಲ ಸಭಿಕರೇ. ನಾನು ಹೇಳಿದ್ದಲ್ಲ. ಅಲ್ಲಿ, ಬಹುಮಾನದ ಸಾಲಿನಲ್ಲಿ, ಕೊರಳಲ್ಲಿ ಪದಕ ಹಾಕಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾಳಲ್ಲ, ಅವಳು ಅಂದದ್ದು. ರಾಗ ಕೂಡ ತಪ್ಪಿಲ್ಲ. ನಾನು ಉಸಿರು ತಗೊಳ್ಳುವಾಗ ಕೆಳಗೆ ಬೀಳದ ಹಾಗೆ ಹಿಡಿದಳು.

ಆರಮ್ಯಾಲೊಂದು: ನಮ್ಮ ಯಜಮಾನರಿಗೆ.

ನಾನು ಅಳುತ್ತಿಲ್ಲ. ಈ ಎಣಿಕೆಯಲ್ಲಿ ಆ ಅಂಕಿಯ ಹೆಸರನ್ನು ಯಾರೂ ಎತ್ತಿಲ್ಲ, ಅಳಲು ಕಾರಣವೇ ಇಲ್ಲ. ಅಳತೆ ತುಂಬಿತು. ಕುಳಿತು ಕೇಳಿದ ನಿಮ್ಮೆಲ್ಲರ ಮನೆಯ ರಾಶಿ ಬೆಳೆಯಲಿ. ಕುರುಗೋಡಿನಿಂದ ನಿಮ್ಮ ವಿರೂಪಮ್ಮ ಮಾಡುವ ನಮಸ್ಕಾರ.